ಗ್ರಹವನ್ನು ಗೃಹ ಮಾಡಿದವಳು

ಲೈಬ್ರರಿ ಕೆಲಸಕ್ಕೆ ಹೊಸದಾಗಿ ಸೇರಿದವರು ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಮೇಡಂ, ಯಾರಿಗೆ ಯಾವ ಪುಸ್ತಕ ಕೊಡಬೇಕು ಅಂತ ಹೇಗೆ ಗೊತ್ತಾಗುತ್ತೆ?" ಗೊತ್ತಾಗುವುದಿಲ್ಲ. ಅಷ್ಟು ವರ್ಷ ಕೊಟ್ಟ ಮೇಲೂ ನನಗೆ ಗೊತ್ತಾಗಲಿಲ್ಲ. ಕೊಟ್ಟ ಮೇಲೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಚೆನ್ನಾಗಿ ನೋಡಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಹೊದಿಸಿದ ಶಾಲು ಇವುಗಳ ಬಗ್ಗೆ ಬರೆಯುವುದಿಲ್ಲ. ಶಾಲು ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತ ಬಿದ್ದಿದೆ. ವಿಜ್ಞಾನದ ಕಾದಂಬರಿ, ಮಾಯಾಲೋಕದ ಕಾದಂಬರಿಗಳಲ್ಲಿ ಗಟ್ಟಿಗಿತ್ತಿ ಹೆಂಗಸರಿರುವಂಥವನ್ನು ಆರಿಸಿ ನಮ್ಮ ಕಡೆಯ ಹೆಣ್ಣುಮಕ್ಕಳ ಕೈಗೆ ಹೇಗೆ ದಾಟಿಸಿದೆ, ದಾಟಿಸುವಾಗ ಏನೇನು ಎಡವಟ್ಟು ಮಾಡಿದೆ ಎಂಬುದನ್ನು ಬರೆಯುತ್ತೇನೆ. ನಾನು ಕೊಟ್ಟ ಪುಸ್ತಕದಿಂದ ಒಂದು ಹುಡುಗಿಯ ಜೀವವೇ ಹೋಯಿತು ಎಂದು ನಂಬಿ ಕೂತಿದ್ದ ಒಂದು ಮಧ್ಯಾಹ್ನದ ವಿಷಯವನ್ನೂ ಬರೆಯಬೇಕು. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೀ ಜಂಬವಾಗುತ್ತದೆ.

ನಾನು ಮಿರ್ಲೆಯವಳು. ನಾಲೆ ನೀರಿನ ಭತ್ತದ ಗದ್ದೆ ಇದ್ದ ಮನೆ. ಮೊದಲು ಕೆಲಸಕ್ಕೆ ಸೇರಿದ್ದು ಕೆ.ಆರ್. ನಗರದ ಲೈಬ್ರರಿಯಲ್ಲಿ. ಅಲ್ಲಿ ನನಗೆ ಕೆಲಸ ಹೇಳಿಕೊಟ್ಟವರು ನಂಜಪ್ಪನವರೆಂಬ ಹಿರಿಯರು. ಒಳ್ಳೆಯ ಮನುಷ್ಯ, ಆದರೆ ಓದುಗರನ್ನು ಅಕ್ಕಿ ಬೇಳೆ ಬೇರೆ ಮಾಡಿದ ಹಾಗೆ ಬೇರೆ ಮಾಡಿಟ್ಟಿದ್ದರು. "ನೋಡಮ್ಮ, ಗಂಡಸರಿಗೆ ಪತ್ತೇದಾರಿ, ವಯಸ್ಸಾದವರಿಗೆ ಪುರಾಣ, ಹೆಂಗಸರಿಗೆ ಸಾಮಾಜಿಕ. ಈ ಗ್ರಹ ನಕ್ಷತ್ರ ಮಾಟ ಮಂತ್ರದ ಕಾದಂಬರಿ ಬೀರುವಿನ ಮೇಲಿನ ಅರೆಗೆ ಹಾಕಿಬಿಡು, ಅವನ್ನ ಯಾರೂ ಕೇಳಲ್ಲ." ನಾನೂ ಹಾಗೇ ಮಾಡಿದೆ. ಹೆಂಗಸರು ಬಂದು "ಅಳೋ ಪುಸ್ತಕ ಕೊಡಿ ಮೇಡಂ" ಎನ್ನುತ್ತಿದ್ದರು. ಕಣ್ಣಂಚು ಒದ್ದೆಯಾಗುವಂಥದ್ದು, ಸೆರಗು ಬೇಕಾಗುವಂಥದ್ದು, ಟವೆಲ್ಲೇ ಬೇಕಾಗುವಂಥದ್ದು ಎಂದು ನನ್ನ ತಲೆಯಲ್ಲೇ ಮೂರು ಭಾಗ ಮಾಡಿಕೊಂಡು ಕೊಡುತ್ತಿದ್ದೆ. ಇದು ನನಗೆ ದೊಡ್ಡ ಜಾಣತನವಾಗಿ ಕಾಣುತ್ತಿತ್ತು.

ಆ ಜಾಣತನಕ್ಕೆ ತಣ್ಣೀರು ಎರಚಿದವರು ನಮ್ಮ ಊರಿನವರೇ ಆದ ಪುಟ್ಟತಾಯಮ್ಮ. ಏಳನೇ ಕ್ಲಾಸಿನವರೆಗೆ ಓದಿದ್ದರು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ತಾವೇ ಮಾಡಿಸುತ್ತಿದ್ದರು. ನಾಲೆಯಿಂದ ನೀರಿನ ಸರದಿ ಬಂದಾಗ ಸೀರೆ ಎತ್ತಿಕಟ್ಟಿ ಗಂಡಸರ ಮಧ್ಯೆ ನಿಂತು ಜಗಳ ಆಡುವವರು. ಒಂದು ದಿನ ಟವೆಲ್ ಬೇಕಾಗುವ ಕಾದಂಬರಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಧಡ್ ಎಂದು ಇಟ್ಟರು.

"ತಕ್ಕಳವ್ವ ನಿನ್ ಪುಸ್ತಕವ. ಅಳಾದು ಮನೇಲೇ ಬೇಕಾದಷ್ಟೈತೆ, ಅದ್ನ ಇಲ್ಲಿಂದ ಬೇರೆ ಒತ್ಕೊಂಡ್ ಓಗ್ಬೇಕಾ? ಏನಾರ ಮಾಡೋ ಎಂಗಸ್ರು ಇರೋ ಪುಸ್ತಕ ಇದ್ರೆ ಕೊಡು. ಇಲ್ದಿದ್ರೆ ಬುಡು."

ನಾನು ಸಾಮಾಜಿಕದ ಅರೆಯ ಮುಂದೆ ನಿಂತು ಈ ಕಡೆಯಿಂದ ಆ ಕಡೆಗೆ ನೋಡಿದೆ. ಅಲ್ಲಿದ್ದ ನಾಯಕಿಯರೆಲ್ಲ ಸಹಿಸುತ್ತಿದ್ದರು, ಕಾಯುತ್ತಿದ್ದರು, ಕ್ಷಮಿಸುತ್ತಿದ್ದರು. ಏನಾದರೂ ಮಾಡುವವಳು ಒಬ್ಬಳೂ ಸಿಗಲಿಲ್ಲ. ನಾಚಿಕೆಯಾಗಿ ಸ್ಟೂಲು ಹಾಕಿಕೊಂಡು ಮೇಲಿನ ಅರೆಗೆ ಕೈ ಹಾಕಿದೆ. ಧೂಳು ಹೊಡೆದು ತೆಗೆದುಕೊಟ್ಟದ್ದು ಮೋಡದ ಮೇಲಿರುವ ಒಂದು ಊರಿಗೆ ಏಣಿ ಕಟ್ಟುವ ಬಡಗಿ ಹೆಂಗಸಿನ ಕಥೆ. ನಾನೂ ಅದನ್ನು ಪೂರ್ತಿ ಓದಿರಲಿಲ್ಲ.

ಹದಿನೈದು ದಿನಕ್ಕೆ ಪುಟ್ಟತಾಯಮ್ಮ ವಾಪಸ್ ಬಂದರು. ಹೇಗಿತ್ತು ಎಂದು ಕೇಳಿದೆ.

"ಮೋಡದ ಮ್ಯಾಲಕ್ಕೆ ಏಣಿ ಅನ್ನಾದು ಸುಳ್ಳು ಕಣವ್ವ, ಅದು ಮುರ್ದೋಯ್ತದೆ. ಆದ್ರೆ ಅವಳು ಸುಳ್ಳಲ್ಲ. ಅಂಗಿರೋ ಎಂಗಸು ಅವ್ಳೆ ಎಲ್ಲೋ."

ಮಾಯಾಲೋಕದ ಕಾದಂಬರಿಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. ಅಂದಿನಿಂದ ನಾನು ಮೇಲಿನ ಅರೆಯ ಪುಸ್ತಕಗಳನ್ನು ಒಂದೊಂದಾಗಿ ಮನೆಗೆ ಒಯ್ದು ಓದತೊಡಗಿದೆ. ನಂಜಪ್ಪನವರು "ನಿನಗೂ ತಲೆ ಕೆಟ್ಟಿತಾ" ಎಂದು ನಕ್ಕು ಸುಮ್ಮನಾದರು.

ಆಮೇಲೆ ಹುಣಸೂರಿಗೆ ವರ್ಗವಾಯಿತು. ನನ್ನ ಜೀವಮಾನದ ಎಡವಟ್ಟು ಆದದ್ದು ಅಲ್ಲಿ.

ನನಗೆ ಮೊದಲಿಂದಲೂ ಕಾಗುಣಿತದ ಹುಚ್ಚು. ಬಸ್ಸಿನ ಬೋರ್ಡು, ಮದುವೆ ಕಾಗದ, ಹೋಟೆಲಿನ ತಿಂಡಿ ಪಟ್ಟಿ, ಯಾವುದರಲ್ಲಿ ತಪ್ಪು ಕಂಡರೂ ಕೈ ಕಡಿಯುತ್ತಿತ್ತು. ಹೊಸ ಮನೆಯ ಆಮಂತ್ರಣದಲ್ಲಿ 'ಗ್ರಹಪ್ರವೇಶ' ಎಂದು ಅಚ್ಚಾಗುವುದು ನಮ್ಮ ಕಡೆ ತೀರಾ ಸಾಮಾನ್ಯ. ಜನರ ಬಾಯಲ್ಲೂ ಅದು ಹಾಗೇ. ಅಂಥ ಕಾಗದ ಕೈಗೆ ಬಂದರೆ ನಾನು ಪೆನ್ನಿನಲ್ಲಿ ತಿದ್ದಿಕೊಂಡೇ ಊಟಕ್ಕೆ ಹೋಗುತ್ತಿದ್ದೆ. ಹೀಗಿರುವಾಗ ಒಂದು ಸಲ ತನಿಖೆಗೆ ಎರಡೇ ದಿನ ಇದೆ ಎನ್ನುವಾಗ ಹೊಸ ಪುಸ್ತಕಗಳ ಕಟ್ಟುಗಳು ಬಂದವು. ಅಷ್ಟನ್ನೂ ರಿಜಿಸ್ಟರಿನಲ್ಲಿ ಬರೆದು, ಸೀಲು ಹೊಡೆದು, ಬೆನ್ನಿಗೆ ಚೀಟಿ ಅಂಟಿಸಿ ಅರೆಗೆ ಸೇರಿಸಬೇಕು. ಒಳಗೆ ತೆರೆದು ನೋಡಲು ಪುರಸೊತ್ತಿಲ್ಲ. ಅವುಗಳಲ್ಲಿ ಒಂದರ ಹೆಸರು 'ಗ್ರಹಕೃತ್ಯ'. ಮುಖಪುಟದಲ್ಲಿ ತೋಳು ಮಡಚಿದ ಒಬ್ಬ ಹೆಂಗಸು, ಅವಳ ಪಕ್ಕಕ್ಕೆ ಕೆಂಪಗೆ ದುಂಡಗೆ ಏನೋ ಒಂದು. ನಾನು ಅದನ್ನು ಕಾದ ಹಂಚು ಎಂದುಕೊಂಡೆ. ಪುಸ್ತಕ ಅಚ್ಚು ಹಾಕುವವರಿಗೇ ಗೃಹಕ್ಕೂ ಗ್ರಹಕ್ಕೂ ವ್ಯತ್ಯಾಸ ಗೊತ್ತಿಲ್ಲವಲ್ಲ ಎಂದು ಬೈದುಕೊಂಡು, ರಿಜಿಸ್ಟರಿನಲ್ಲಿ, ಚೀಟಿಯಲ್ಲಿ, ಸಾಲದ್ದಕ್ಕೆ ಮುಖಪುಟದ ಮೇಲೂ 'ಗೃಹಕೃತ್ಯ' ಎಂದು ದುಂಡಾಗಿ ತಿದ್ದಿ, ಉಪ್ಪಿನಕಾಯಿ ಪುಸ್ತಕಕ್ಕೂ ಕಸೂತಿ ಪುಸ್ತಕಕ್ಕೂ ಮಧ್ಯೆ ಇಟ್ಟುಬಿಟ್ಟೆ. ತನಿಖೆಗೆ ಬಂದ ಸಾಹೇಬರು ಅದನ್ನು ನೋಡಿ, "ಅಚ್ಚಿನ ತಪ್ಪನ್ನೂ ಬಿಟ್ಟಿಲ್ಲವಲ್ಲ, ಭೇಷ್" ಎಂದರು. ನಾನು ಆ ದಿನವೆಲ್ಲ ಉಬ್ಬಿಕೊಂಡು ಓಡಾಡಿದೆ.

ಮೂರು ನಾಲ್ಕು ತಿಂಗಳಲ್ಲಿ ಆ ಪುಸ್ತಕದ ಹಿಂದಿನ ತಾರೀಖಿನ ಚೀಟಿ ತುಂಬಿಹೋಯಿತು. ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದೆ. ಪಾತ್ರೆ ಬೆಳಗುವುದರ ಬಗ್ಗೆ ಹೆಂಗಸರಿಗೆ ಇಷ್ಟೊಂದು ಆಸಕ್ತಿ ಏಕೆ ಬಂತು ಎಂದು ಆಶ್ಚರ್ಯಪಟ್ಟೆನೇ ಹೊರತು ಪುಸ್ತಕ ತೆರೆಯಲಿಲ್ಲ. ಕೊನೆಗೆ ವೀರನಹೊಸಹಳ್ಳಿ ಕಡೆಯಿಂದ ಬರುತ್ತಿದ್ದ ಸರೋಜ ಎಂಬ ಹೊಸ ಸೊಸೆಯೊಬ್ಬಳು ಏದುಸಿರು ಬಿಡುತ್ತ ಬಂದಳು.

"ಮೇಡಂ, ಆ ಗೃಹಕೃತ್ಯ ಯಾರ್ ತಕ್ಕೊಂಡ್ ಓಗವ್ರೆ?"

"ಯಾಕಮ್ಮ, ಅದರಲ್ಲಿ ಅಂಥದ್ದೇನಿದೆ? ಉಪ್ಪಿನಕಾಯಾ?"

"ಉಪ್ಪಿನ್‌ಕಾಯಾ? ನೀರ್ ಖಾಲಿ ಆಯ್ತಾ ಐತೆ ಮೇಡಂ! ಮುನ್ನೂರ್ ಜನ ಅವ್ರೆ ಅಲ್ಲಿ. ಕಮಲಾಕ್ಷಿ ಒಬ್ಳೇ ಗಾಳಿ ಇಲ್ದಿರೋ ಕಡೀಕೆ ಓಗವ್ಳೆ ನೀರ್ ಉಡ್ಕಂಡು. ತಾರೀಕಾಯ್ತು ಅಂತ ಅರ್ಧದಲ್ಲೇ ವಾಪಸ್ ಕೊಟ್ಟು ಕೆಟ್ಟೆ. ನಮ್ಮತ್ತೆ ಮೂರ್ ದಿಸದಿಂದ ತಲೆ ತಿಂತಾವ್ರೆ, ಮುಂದ್ಕೇನಾಯ್ತು, ಮುಂದ್ಕೇನಾಯ್ತು ಅಂತ."

ಆ ಪುಸ್ತಕ ವಾಪಸ್ ಬಂದ ದಿನವೇ ಕೂತು ಓದಿದೆ. ಹಂಚು ಎಂದುಕೊಂಡದ್ದು ಮನುಷ್ಯರು ಹೊಸದಾಗಿ ಸೇರಿದ ಗ್ರಹ. ತೋಳು ಮಡಚಿದವಳು ಅಲ್ಲಿನ ಯಜಮಾನಿ ಕಮಲಾಕ್ಷಿ. ಮುನ್ನೂರು ಜನಕ್ಕೆ ನೀರು ಹಂಚುವುದು, ಯಾರಿಗೆ ಎಷ್ಟು, ಯಾರ ಸರದಿ ಮೊದಲು, ಸುಳ್ಳು ಹೇಳಿ ಹೆಚ್ಚು ತೆಗೆದುಕೊಂಡವನನ್ನು ಏನು ಮಾಡುವುದು, ಎಲ್ಲ ಅವಳ ತೀರ್ಮಾನ. ಬರೆದವರು ಬೇಕೆಂದೇ ಇಟ್ಟ ಹೆಸರನ್ನು ನಾನು ತಿದ್ದಿ ಅಡುಗೆಮನೆಗೆ ತಳ್ಳಿದ್ದೆ. ಸರೋಜಳ ಮನೆಯಲ್ಲಿ ನಡೆದದ್ದು ಇಷ್ಟು: ಸೊಸೆ ಕಾದಂಬರಿ ಓದಿದರೆ ಅತ್ತೆ ಮುಖ ಗಂಟು ಹಾಕುತ್ತಿದ್ದರು, ಗೃಹಕೃತ್ಯ ಎಂದಕೂಡಲೇ "ಓದ್ಕಳ್ಲಿ ಬುಡು, ಕಲೀಲಿ" ಎಂದರು. ಗಟ್ಟಿಯಾಗಿ ಓದು ಎಂದರು. ಎರಡನೇ ದಿನಕ್ಕೆ ಅತ್ತೆಗೂ ಹಿಡಿಯಿತು. ಎಷ್ಟೋ ಮನೆಗಳಲ್ಲಿ ಅದು ಹೀಗೇ ಓಡಾಡಿತ್ತು.

ನಗು ಬಂತು, ಹಿಂದೆಯೇ ಬೆವರೂ ಬಂತು. ನಿಯಮದ ಪ್ರಕಾರ ಅದನ್ನು ತಿದ್ದಿ ಕಾದಂಬರಿಯ ಅರೆಗೆ ಸೇರಿಸಬೇಕು. ಸೇರಿಸಿದ ಮರುದಿನದಿಂದಲೇ ಅದನ್ನು ಒಬ್ಬಳೂ ಮನೆಗೆ ಒಯ್ಯಲಾರಳು. ಪೆನ್ನು ಹಿಡಿದು ಕೂತವಳು ಮುಚ್ಚಳ ಹಾಕಿ ಒಳಗಿಟ್ಟೆ. ಕಾಗುಣಿತದ ತಪ್ಪೊಂದನ್ನು ಗೊತ್ತಿದ್ದೂ ಬಿಟ್ಟದ್ದು ಅದೇ ಮೊದಲು.

ಪಿರಿಯಾಪಟ್ಟಣದಲ್ಲಿ ಇದ್ದ ಎರಡು ವರ್ಷದಲ್ಲಿ ನಾನು ಈ ಕೆಲಸವನ್ನು ನಿಜವಾಗಿ ಕಲಿತದ್ದು ಬೈಸಿಕೊಂಡು. ಮಂತ್ರ ಬಲ್ಲ ಮುದುಕಿಯೊಬ್ಬಳು ರಾಜನ ಸೈನ್ಯವನ್ನೇ ತಡೆಯುವ ಒಂದು ಕಾದಂಬರಿ ಇತ್ತು. ಅದನ್ನು ಹೊಗೆಸೊಪ್ಪು ಬೆಳೆಯುವವರ ಮನೆಯ ಹೆಣ್ಣುಮಗಳಿಗೆ ಬಹಳ ಹೊಗಳಿ ಕೊಟ್ಟೆ. ಅವರ ಮನೆಯಲ್ಲಿ ಅದೇ ವಾರ ಎಮ್ಮೆ ಹಾಲು ಕೊಡುವುದು ನಿಲ್ಲಿಸಿತು. ಪುಸ್ತಕದಲ್ಲಿ ಮಾಟವಿದೆ ಎಂದು ಅದಕ್ಕೆ ಅರಿಶಿನದ ನೀರು ಚಿಮುಕಿಸಿ, ಕುಂಕುಮ ಇಟ್ಟು, ಬಾಳೆ ಎಲೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು ಹಿಂದೆ ತಿರುಗಿ ನೋಡದೆ ಹೋದರು. ಬಿಸಿಲಿಗೆ ಒಣಗಿಸಿದೆ. ಅರಿಶಿನ ಹೋಗಲಿಲ್ಲ. ಆಮೇಲೆ ಅದೇ ಹಳದಿ ಪುಟಗಳನ್ನು ಎಷ್ಟೋ ಜನ ಓದಿದರು. ಯಾರ ಎಮ್ಮೆಗೂ ಏನೂ ಆಗಲಿಲ್ಲ.

ಇನ್ನೊಂದು ಸಲ ಬೈದವಳು ಹೈಸ್ಕೂಲಿನ ಟೀಚರು ವಸಂತ. ಕತ್ತಿ ಹಿಡಿದ ರಾಜಕುಮಾರಿ ಮುಖಪುಟದಲ್ಲಿದ್ದಾಳೆಂದು ಒಂದು ಪುಸ್ತಕವನ್ನು ಓದದೆಯೇ ಅವಳಿಗೆ ಕೊಟ್ಟಿದ್ದೆ. ತಂದು ಕೊಟ್ಟವಳು ಬಾಗಿಲಲ್ಲೇ ಶುರುಮಾಡಿದಳು.

"ಏನ್ ಮೇಡಂ ಇದು? ನಲವತ್ ಪುಟ ಕತ್ತಿ ಬೀಸ್ತಾಳೆ. ಆಮೇಲೆ ರಾಜಕುಮಾರ ಬಂದ. ಅಲ್ಲಿಂದಾಚೆಗೆ ಅವ್ಳು ಹೂ ಮುಡ್ಕೊಂಡು ಕಿಟಕೀಲಿ ನಿಂತಿರೋದೇ! ನಿಮ್ಮ ಗಟ್ಟಿಗಿತ್ತೀನ ಬರೆದೋನು ಮೂಲೇಲಿ ಕೂರಿಸಿಬುಟ್ಟವ್ನೆ ಕಣ್ರೀ."

ಅಂದಿನಿಂದ ನಾನು ಮುಖಪುಟ ನೋಡುವುದನ್ನು ಬಿಟ್ಟು ಕೊನೆಯ ಅಧ್ಯಾಯ ಮೊದಲು ಓದತೊಡಗಿದೆ. ಅಲ್ಲಿಯೂ ಅವಳೇ ತೀರ್ಮಾನ ಮಾಡುತ್ತಿದ್ದಾಳಾ? ಹಾಗಿದ್ದರೆ ಒಳ್ಳೆಯದು. ಅವಳ ಕೈಯಲ್ಲಿ ಕತ್ತಿ ಇರಲಿ, ಸೌಟು ಇರಲಿ, ನಕ್ಷತ್ರಕ್ಕೆ ಹೋಗುವ ಹಡಗಿನ ಚುಕ್ಕಾಣಿ ಇರಲಿ. ಇನ್ನೊಂದು ಕಲಿತದ್ದು: ಹೊಗಳಬಾರದು. 'ತುಂಬಾ ಚೆನ್ನಾಗಿದೆ, ಓದಿ' ಎಂದರೆ ಯಾರೂ ಓದುವುದಿಲ್ಲ. ಮೊದಲ ಮೂರು ಪುಟದ ಕಥೆ ಹೇಳಿ, ಸೀಲು ಹುಡುಕುವವಳ ಹಾಗೆ ನಟಿಸಿ ಸುಮ್ಮನಾಗಬೇಕು. ಎದುರಿಗಿರುವವರು "ಆಮೇಲೆ?" ಎನ್ನುತ್ತಾರೆ. ಆಗ ಪುಸ್ತಕವನ್ನು ಅವರ ಕಡೆ ತಳ್ಳಬೇಕು. ಈಗಿನವರು ಕಂಪ್ಯೂಟರಿನಲ್ಲಿ ಪಟ್ಟಿ ಕೊಡುತ್ತಾರೆ. ಪಟ್ಟಿ ಇರಲಿ, ಆದರೆ ಆ 'ಆಮೇಲೆ' ಕೇಳಿಸಿಕೊಳ್ಳುವ ಸುಖ ಪಟ್ಟಿಗೆ ಎಲ್ಲಿ ಬರಬೇಕು.

ಎಚ್.ಡಿ. ಕೋಟೆಗೆ ಬರುವ ಹೊತ್ತಿಗೆ ನನಗೆ ಧೈರ್ಯ ಹೆಚ್ಚಾಗಿತ್ತು. ಧೈರ್ಯಕ್ಕಿಂತ ಸೊಕ್ಕು ಎಂದರೂ ಸರಿ. ಅಂತರಸಂತೆಯ ಸಂತೆ ದಿನ ನಲವತ್ತು ಪುಸ್ತಕ ತುಂಬಿದ ಟ್ರಂಕನ್ನು ಬಸ್ಸಿಗೆ ಹಾಕಿಸಿಕೊಂಡು ಹೋಗಿ, ಪಂಚಾಯಿತಿ ಕಟ್ಟೆಯ ಮೇಲೆ ತೆರೆದು ಕೂರುತ್ತಿದ್ದೆ. ಹುಣಸೂರಿನಲ್ಲಿ ಅರಿಯದೆ ಮಾಡಿದ್ದನ್ನು ಇಲ್ಲಿ ಅರಿತೇ ಮಾಡಿದೆ. ಗಟ್ಟಿಗಿತ್ತಿಯರ ಕಾದಂಬರಿಗಳ ಬೆನ್ನಿಗೆಲ್ಲ ಕೆಂಪು ಶಾಯಿಯಲ್ಲಿ 'ಗೃಹ' ಎಂದು ಬರೆದ ಚೀಟಿ ಅಂಟಿಸಿದೆ. ಮನೆಯವರು ಕೇಳಿದರೆ ಮನೆಗೆಲಸದ ಪುಸ್ತಕ. ಹೆಣ್ಣುಮಕ್ಕಳಿಗೆ ಗುಟ್ಟು ಗೊತ್ತು, ಮೆಲ್ಲಗೆ ಬಂದು "ಕೆಂಪು ಗೃಹ ಹೊಸದೇನಾರ ಬಂತಾ ಮೇಡಂ?" ಎನ್ನುವರು. ನಾನು ಅವರೊಡನೆ ಸೇರಿ ಒಳಗೊಳಗೇ ನಗುತ್ತಿದ್ದೆ.

ಆ ಹುಡುಗಿಯರಲ್ಲಿ ರತ್ನ ಒಬ್ಬಳು. ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಳು. ಅವಳ ತಂದೆ ಸಿದ್ದೇಗೌಡರಿಗೆ ಕಾಡಿನ ಅಂಚಿನಲ್ಲಿ ರಾಗಿ ಹೊಲ. ಮಗಳ ಜೊತೆ ಸಂತೆಗೆ ಬಂದಾಗ ನನ್ನ ಟ್ರಂಕಿನ ಪಕ್ಕದಲ್ಲಿ ಬೀಡಿ ಆರಿಸಿ ಗೌರವದಿಂದ ನಿಲ್ಲುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಒಂದು ಸಂತೆ ದಿನ ರತ್ನ ಆರಿಸಿದ ದಪ್ಪ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು.

"ಇದೇನ್ ಪುಸ್ತಕ ತಾಯಿ, ಇಷ್ಟ್ ತೂಕ?"

"ಮನೆ ವಿಷಯ ಗೌಡ್ರೇ. ಹೆಣ್ಣುಮಕ್ಕಳಿಗೆ ಬೇಕಾದ್ದು" ಎಂದೆ, ಅವರ ಮುಖ ನೋಡಿಕೊಂಡೇ.

ಆ ಪುಸ್ತಕದಲ್ಲಿ ಹೊನ್ನಿ ಎಂಬ ಹುಡುಗಿಗೆ ಆನೆಗಳ ಮಾತು ತಿಳಿಯುತ್ತದೆ. ಊರ ಹೊಳೆ ಬತ್ತಿದಾಗ, ಅದು ಎಲ್ಲಿಗೆ ಹೋಯಿತೆಂದು ಆನೆಗಳನ್ನೇ ಕೇಳುತ್ತೇನೆಂದು ಬೆಳಕು ಹರಿಯುವ ಮೊದಲು, ಯಾರಿಗೂ ಹೇಳದೆ, ಕಾಡಿಗೆ ನಡೆದುಬಿಡುತ್ತಾಳೆ.

ಒಂದು ಬುಧವಾರ ಮಧ್ಯಾಹ್ನ, ಕೋಟೆಯ ಲೈಬ್ರರಿಯಲ್ಲಿ ಒಂದಿಬ್ಬರು ಪೇಪರು ಓದುತ್ತ ಕೂತಿದ್ದ ಹೊತ್ತಿನಲ್ಲಿ, ಸಿದ್ದೇಗೌಡರು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಟವೆಲಿನಲ್ಲಿ ಸುತ್ತಿದ್ದ ಅದೇ ಪುಸ್ತಕವನ್ನು ಬಿಚ್ಚಿ ನನ್ನ ಮುಂದಿಟ್ಟರು.

"ತಾಯೀ, ರತ್ನಿ ಬೆಳಿಗ್ಗೆಯಿಂದ ಇಲ್ಲ. ನಾವ್ ಏಳೋಕ್ ಮುಂಚ್ಗೇ ಓಗವ್ಳೆ. ಕಾಡಂಚಿನ ತಂಕ ಉಡುಕ್ದೋ, ಇನ್ನೂ ಉಡುಕ್ತಾವ್ರೆ. ಆಸಿಗೆ ಮ್ಯಾಲೆ ಇದೊಂದಿತ್ತು. ನಂಗೆ ಓದಾಕ್ ಬರಾಕಿಲ್ಲ. ಇದ್ರಲ್ಲಿ ಎಲ್ಗೋಗಾದು ಅಂತ ಏನಾರ ಬರ್ದೈತಾ, ವಸಿ ನೋಡಿ ಯೋಳಿ."

ಆ ವಾರವೇ ಅವರ ಊರ ಪಕ್ಕದ ಹೊಲಕ್ಕೆ ಒಂಟಿ ಆನೆ ಬಂದಿತ್ತೆಂದು ಬಸ್ಸಿನಲ್ಲಿ ಜನ ಮಾತಾಡಿದ್ದನ್ನು ಕೇಳಿದ್ದೆ. ಪುಸ್ತಕದಲ್ಲಿ ಹೊನ್ನಿ ಎಲ್ಲಿಗೆ ಹೋಗುತ್ತಾಳೆಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ಆ ತಂದೆಗೆ ಯಾವ ಬಾಯಿಂದ ಹೇಳಲಿ? ಆದರೂ ಓದಿದೆ. ಮೊದಲ ಪುಟದಿಂದಲೇ ಗಟ್ಟಿಯಾಗಿ ಓದಿದೆ, ನಡುವೆ ಎಲ್ಲಾದರೂ ಬೇರೆ ದಾರಿ ಸಿಗಬಹುದೇನೋ ಎನ್ನುವ ಹಾಗೆ. ಪೇಪರು ಓದುತ್ತಿದ್ದವರು ಪೇಪರು ಕೆಳಗಿಟ್ಟರು. ಹೊನ್ನಿ ಬೇಲಿ ದಾಟಿ ಮರಗಳ ಕೆಳಗೆ ಕಾಲಿಟ್ಟಳು ಎನ್ನುವಲ್ಲಿಗೆ ಓದುವುದನ್ನು ನಿಲ್ಲಿಸಿದೆ.

ಸಿದ್ದೇಗೌಡರು ನಿಧಾನವಾಗಿ ಕೇಳಿದರು. "ಇದು ಮನೆ ವಿಸ್ಯ ಅಂದಿದ್ರಲ್ಲ ತಾಯಿ?"

"ಸುಳ್ಳು ಹೇಳಿದೆ ಗೌಡ್ರೇ" ಎಂದೆ. "ಕಥೆಪುಸ್ತಕ ಇದು. ಗೊತ್ತಾದರೆ ಓದೋಕೆ ಬಿಡಲ್ಲ ಅಂತ ಚೀಟಿ ಅಂಟಿಸಿದೆ. ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ."

ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಆ ಕೆಂಪು ಚೀಟಿಯನ್ನೇ ನೋಡುತ್ತ ಹೇಳಿದರು.

"ಓದಾಕ್ ಬರಾಕಿಲ್ಲ ಅಂತ ನಂಗೂ ಒಂದ್ ಚೀಟಿ ಅಂಟಿಸ್ಬುಟ್ರಾ? ನೀವ್ ಕೇಳಿದ್ರಾ ನನ್ನ, ಕಥೆ ಓದ್ಸಿದ್ರೆ ಬುಡ್ತೀಯಾ ಇಲ್ವಾ ಅಂತ?"

ಕೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ತಂದೆಯನ್ನೂ, ಯಾವ ಅತ್ತೆಯನ್ನೂ ಕೇಳಿರಲಿಲ್ಲ. ಸರೋಜಳ ಅತ್ತೆ ಮುಂದೇನಾಯ್ತೆಂದು ಮೂರು ದಿನ ಒದ್ದಾಡಿದ್ದು ಗೊತ್ತಿದ್ದೂ ಕೇಳಿರಲಿಲ್ಲ. ಪುಸ್ತಕವನ್ನು ಮುಚ್ಚಲು ಹೋದೆ. ಬೆವರಿದ ಕೈಯಿಂದ ಅದು ಜಾರಿ ನೆಲಕ್ಕೆ ಬಿತ್ತು. ಒಳಗಿಂದ ಒಂದು ಲಕೋಟೆ ಹಾರಿ ಮೇಜಿನ ಕಾಲಿನ ಹತ್ತಿರ ಬಿತ್ತು.

ಈಗ ಕೆಲಸಕ್ಕೆ ಸೇರುವವರೇ, ಇದನ್ನು ಗಮನಿಸಿ. ವಾಪಸ್ ಬಂದ ಪುಸ್ತಕವನ್ನು ಮೊದಲು ಕೊಡವಿ ನೋಡಬೇಕು. ಹೇರ್‌ಪಿನ್ನು, ಒಣಗಿದ ಹೂವು, ಸೋಪಿನ ಲೇಬಲ್ಲು, ಮದುವೆ ಫೋಟೊ, ಏನು ಬೇಕಾದರೂ ಇರುತ್ತದೆ. ನಮ್ಮ ಕೆಲಸದ ಮೊದಲನೇ ಪಾಠ ಅದು. ನಂಜಪ್ಪನವರು ನನಗೆ ಮೊದಲನೇ ದಿನವೇ ಹೇಳಿಕೊಟ್ಟದ್ದು. ಮಗಳು ಎಲ್ಲಿ ಎಂದು ಒಬ್ಬ ತಂದೆ ಕೇಳಿಕೊಂಡು ಬಂದಾಗ ನಾನು ಅದನ್ನು ಮರೆತು, ಕಲ್ಪನೆಯ ಹುಡುಗಿಯ ಕಥೆಯಲ್ಲಿ ನಿಜವಾದ ಹುಡುಗಿಯನ್ನು ಹುಡುಕುತ್ತ ಇಪ್ಪತ್ತು ಪುಟ ಓದಿದ್ದೆ.

ಲಕೋಟೆ ಅರಣ್ಯ ಇಲಾಖೆಯದು. ಹೆಸರು ರತ್ನಳದೇ, ಆದರೆ ವಿಳಾಸ ಅವಳ ಗೆಳತಿಯ ಮನೆಯದು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ರತ್ನಳ ಅಕ್ಷರ: 'ಬುಧವಾರ ಎಂಟಕ್ಕೆ ಮೈಸೂರು. ಫಾರೆಸ್ಟ್ ಗಾರ್ಡ್ ಪರೀಕ್ಷೆ. ಓಟ, ನಡಿಗೆ. ಬುತ್ತಿ ಕಟ್ಟಿಕೊಳ್ಳಬೇಕು. ವಾಪಸ್ಸಿಗೆ ಕೊನೇ ಬಸ್ಸಿಗಿಂತ ಮುಂಚಿನ ಬಸ್ಸು.'

ಎರಡು ಸಲ ಓದಿ ಹೇಳಿದೆ. ಸಿದ್ದೇಗೌಡರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತುಬಿಟ್ಟರು. "ಕಾಡಿಗ್ ಓಗಿಲ್ವಾ? ಓಗಿಲ್ಲ ತಾನೇ?" ಎಂದು ಕೇಳುತ್ತಲೇ ಇದ್ದರು. ಪೇಪರು ಓದುತ್ತಿದ್ದ ಒಬ್ಬರು ಇಬ್ಬರಿಗೂ ನೀರು ತಂದುಕೊಟ್ಟರು. ಎದೆಯ ಮೇಲಿದ್ದ ಕಲ್ಲುಚಪ್ಪಡಿಯನ್ನು ಯಾರೋ ಎತ್ತಿ ಆಚೆಗೆ ಇಟ್ಟಂತಾಯಿತು ನನಗೆ. ಅಂತರಸಂತೆಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಲಿ, ಹುಡುಕುವುದು ನಿಲ್ಲಿಸಿ, ಹುಡುಗಿ ಮೈಸೂರಿನಲ್ಲಿದ್ದಾಳೆ ಎಂದು ಹೇಳಿಕಳಿಸಿದೆ.

ಮುಂದಿನದನ್ನು ಕೇಳುವವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ರತ್ನಳಿಗೆ ಆ ಸಲ ಕೆಲಸ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಆ ಕೆಂಪು ಚೀಟಿಗಳನ್ನು ನಾನು ಮುಂದಿನ ಸಂತೆಗೆ ಮೊದಲೇ ಒಂದೂ ಬಿಡದೆ ಕಿತ್ತೆ. 'ವಿಜ್ಞಾನದ ಕಥೆ', 'ಮಾಯಾಲೋಕದ ಕಥೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕೇಳಿದವರಿಗೆಲ್ಲ, ಗಂಡಸರಿಗೂ, ಮೂರು ಪುಟದ ಕಥೆ ಹೇಳಿದೆ. ಕೆಲವು ಮನೆಗಳಲ್ಲಿ ಪುಸ್ತಕ ಒಯ್ಯುವುದು ನಿಂತಿತು. ನಾನು ಹೆದರಿದ್ದಷ್ಟು ಮನೆಗಳಲ್ಲಿ ನಿಲ್ಲಲಿಲ್ಲ. ಹುಣಸೂರಿಗೆ ಹೋಗಿ ಆ ಗ್ರಹಕೃತ್ಯವನ್ನೂ ತಿದ್ದಿಸಿ ಬಂದೆ. ಆದರೆ ನನಗೆ ಹೇಳಬೇಕಾಗಿರುವುದು ಆ ದಿನದ ಸಂಜೆಯ ವಿಷಯ.

ನಾಲ್ಕು ಗಂಟೆಗೇ ಲೈಬ್ರರಿಯ ಉಸ್ತುವಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಿದ್ದೇಗೌಡರ ಜೊತೆ ಕೋಟೆಯ ಬಸ್ ಸ್ಟ್ಯಾಂಡಿಗೆ ಹೋದೆ. ಅವರನ್ನು ಒಬ್ಬರನ್ನೇ ಬಿಡಲು ನನಗೆ ಧೈರ್ಯವಿರಲಿಲ್ಲ. ಭಯ ಹೋದ ಮೇಲೆ ಸಿಟ್ಟು ಬರುತ್ತದೆ. ಎಲ್ಲರೆದುರು ಮಗಳ ಕೆನ್ನೆಗೆ ಹೊಡೆದುಬಿಟ್ಟರೆ, ಇನ್ನು ಹೊಸಿಲು ದಾಟಬೇಡ ಎಂದುಬಿಟ್ಟರೆ ಆ ಹುಡುಗಿಯ ಗತಿ ಏನು? ಕಲ್ಲು ಬೆಂಚಿನ ಮೇಲೆ ಕೂತು ಮೈಸೂರಿನ ಬಸ್ಸುಗಳನ್ನು ನೋಡಿದೆವು. ಎರಡು ಬಸ್ಸು ಬಂದವು, ಅವಳಿರಲಿಲ್ಲ. ಬಹಳ ಹೊತ್ತಾದ ಮೇಲೆ ಅವರು ಕೇಳಿದರು.

"ಆ ಹೊನ್ನಿ ವಾಪಸ್ ಬತ್ತಾಳಾ?"

"ಬರ್ತಾಳೆ ಗೌಡ್ರೇ. ಹೊಳೆ ತಗೊಂಡೇ ಬರ್ತಾಳೆ. ಏಳು ವರ್ಷ ಆಗುತ್ತೆ."

"ಏಳ್ ವರ್ಸವಾ? ಅಲ್ಲೀ ಗಂಟ ಅವಳಪ್ಪ ಏನ್ ಮಾಡ್ತಾನೆ?"

ನಾನು ನೆನಪು ಮಾಡಿಕೊಂಡೆ. ಹೊನ್ನಿಯ ತಂದೆ ಎರಡನೇ ಅಧ್ಯಾಯದ ನಂತರ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. "ಅವರ ವಿಷಯ ಬರೆದಿಲ್ಲ" ಎಂದೆ.

"ಬರೀಬೇಕಿತ್ತು" ಎಂದರು ಸಿದ್ದೇಗೌಡರು.

ಮೂರನೇ ಬಸ್ಸಿನಿಂದ ರತ್ನ ಇಳಿದಳು. ತಲೆಗೂದಲು ಕೆದರಿತ್ತು, ಕಾಲು ಮೊಣಕಾಲಿನವರೆಗೂ ಧೂಳು, ಕೈಯಲ್ಲಿ ಖಾಲಿ ಬುತ್ತಿಡಬ್ಬಿ. ಅಪ್ಪನನ್ನು ಕಂಡು ಬಸ್ಸಿನ ಬಾಗಿಲಲ್ಲೇ ನಿಂತುಬಿಟ್ಟಳು. ಕಂಡಕ್ಟರು ಇಳಿಯಮ್ಮ ಎಂದ ಮೇಲೆ ಇಳಿದಳು. ಸಿದ್ದೇಗೌಡರು ಅವಳ ಹತ್ತಿರ ಹೋದರು. ನಾನೂ ಹಿಂದೆಯೇ ಹೋಗಿ, ಅವರ ಕೈ ಮೇಲೆ ಏಳುತ್ತದೆಯೋ ಎಂದು ನೋಡುತ್ತಿದ್ದೆ. ಕೈ ಎತ್ತಿದರು. ಅವಳ ತಲೆಯ ಮೇಲಿಟ್ಟು, ಮುಖ ಮುಟ್ಟಿ, ತೋಳು ಮುಟ್ಟಿ, ಎಲ್ಲ ಇದೆಯಾ ಎಂದು ನೋಡಿದರು.

"ಯೋಳ್ಬುಟ್ಟು ಓಗ್ಬಾರ್ದಾ ಮಗ?"

"ಯೋಳಿದ್ರೆ ಬುಡ್ತಿದ್ದಾ ಅಪ್ಪ?"

ಸುಳ್ಳು ಹೇಳುವ ಮನುಷ್ಯರಲ್ಲ. "ಬುಡ್ತಿರ್ನಿಲ್ಲ" ಎಂದರು. ಟವೆಲಿನಲ್ಲಿ ಕಣ್ಣೊರೆಸಿಕೊಂಡು ಆಮೇಲೆ ಕೇಳಿದರು. "ಈಗ ಯೋಳು. ಎಷ್ಟನೇವಳಾಗ್ ಬಂದೆ?"

ರತ್ನ ನನ್ನ ಮುಖ ನೋಡಿದಳು. ನಾನು ಆಗಲೇ ಅಳುತ್ತಿದ್ದೆ, ಟವೆಲ್ಲೇ ಬೇಕಾಗುವಷ್ಟು.

"ಓಟದಲ್ಲಿ ಇಂದೆ ಬಿದ್ದೆ ಅಪ್ಪ. ನಡ್ಯಾದ್ರಲ್ಲಿ ನಾನೇ ಮೊದ್ಲು."

ಸಿದ್ದೇಗೌಡರು ಅವಳ ಖಾಲಿ ಬುತ್ತಿಡಬ್ಬಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ನನ್ನ ಕಡೆ ತಿರುಗಿದರು. ಆ ಮಧ್ಯಾಹ್ನದಿಂದ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು.

"ನಡ್ಯಾದು ಕಲ್ಸಿದೋನು ನಾನೇ ಕಣ್ರವ್ವ."